ಮನೋರೋಗಿಯ ಆರೈಕೆಗೆ ನಮ್ಮ ಮಕ್ಕಳು ಬೇಡವೇ?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದಾಗ ಕೋಲಾರ, ಮಾಲೂರು, ಮುಳಬಾಗಿಲಿನ ಮುಸ್ಲಿಮ್ ಮನೆಗಳಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: ವೈದ್ಯಕೀಯವೋ, ಇಂಜಿನಿಯರಿಂಗೋ? ಎರಡೂ ಕೈಗೆಟುಕದಿದ್ದರೆ ಮಗ ಅಂಗಡಿಗೆ, ಮಗಳು ಮದುವೆಗೆ. ಕ್ಯಾಲನೂರಿನಂತಹ ಊರಿನ ಹುಡುಗಿಯೊಬ್ಬಳು ನರ್ಸಿಂಗ್ ಓದುತ್ತೇನೆಂದರೆ ಹೆತ್ತವರು ಅರೆಮನಸ್ಸಿನಿಂದ ಒಪ್ಪಿಯಾರು. ಆದರೆ ಮನೋರೋಗಿಗಳ ಶುಶ್ರೂಷೆಯಲ್ಲಿ ಪರಿಣತಿ ಪಡೆಯುತ್ತೇನೆಂದರೆ, “ಹುಚ್ಚರ ಆಸ್ಪತ್ರೆಯಲ್ಲಿ ದುಡಿಯುವವಳಿಗೆ ಸಂಬಂಧ ಎಲ್ಲಿಂದ ಬಂದೀತು ಬೇಟಿ?” ಎಂದು ಬಾಯಿ ಮುಚ್ಚಿಸುತ್ತಾರೆ.

ಈ ಮಾತಿನ ಹಿಂದಿರುವುದು ಮಗಳ ಮೇಲಿನ ಕಾಳಜಿ ಮಾತ್ರವಲ್ಲ, ರೋಗದ ಬಗೆಗಿನ ನಮ್ಮ ಅಜ್ಞಾನವೂ ಹೌದು. ಖಿನ್ನತೆ, ಭ್ರಮೆಗಳಿಗೆ ತುತ್ತಾದವರನ್ನು ಜಿನ್ನ್ ಬಾಧೆ, ಮಾಟವೆಂದು ತಾಯತದಿಂದ ತಾಯತಕ್ಕೆ, ದರ್ಗಾದಿಂದ ದರ್ಗಾಕ್ಕೆ ಅಲೆದಾಡಿಸುವ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾವನ್ನು ನಂಬಿ ಬಂದವರನ್ನು ಇರಿಸಿಕೊಳ್ಳುತ್ತಿದ್ದ ಖಾಸಗಿ ಕೇಂದ್ರವೊಂದಕ್ಕೆ ಬೆಂಕಿ ಬಿತ್ತು. ಸಂಕೋಲೆಯಲ್ಲಿದ್ದ ರೋಗಿಗಳು ಓಡಲಾಗದೆ ಸುಟ್ಟುಹೋದರು. ಸತ್ತವರು 28 ಮಂದಿ. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಶತ್ರುಗಳಲ್ಲ, ಸ್ವಂತ ಮನೆಯವರು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು ಸಂಪೂರ್ಣ ನಿಷೇಧಿಸಿದೆ. ಆದರೆ ಸರಪಳಿ ಬಿಚ್ಚಿದ ಬಳಿಕ ಆ ಕೈಯನ್ನು ಹಿಡಿಯುವವರು ಯಾರು?

2015-16ರಲ್ಲಿ 12 ರಾಜ್ಯಗಳಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ರೋಗಕ್ಕೆ ತಕ್ಕಂತೆ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ವೈದ್ಯರು ರೋಗಿಯನ್ನು ನೋಡುವುದು ಕೆಲವು ನಿಮಿಷ. ಮಾತ್ರೆ ನುಂಗಿಸುವುದು, ಆತ್ಮಹತ್ಯೆಯ ಸೂಚನೆಯನ್ನು ಗುರುತಿಸುವುದು, ಮನೆಯವರಿಗೆ ತಿಳಿಹೇಳುವುದು ಇವೆಲ್ಲ ನರ್ಸ್‌ಗಳ ಕೆಲಸ. ನಮ್ಮ ತಾಯಂದಿರು ತಮ್ಮ ದುಃಖವನ್ನು ಹೇಳಿಕೊಳ್ಳುವುದು ಉರ್ದುವಿನಲ್ಲಿ. ಆ ಭಾಷೆ ಬಲ್ಲ ನರ್ಸ್ ಎದುರಿಗಿದ್ದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ದಾರಿಯೇನೂ ದುರ್ಗಮವಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ 4 ವರ್ಷಗಳ ಬಿ.ಎಸ್ಸಿ. ನರ್ಸಿಂಗ್ ಇದೆ. ಆ ಬಳಿಕ ಒಂದು ವರ್ಷದ ಅನುಭವ ಗಳಿಸಿ, 2 ವರ್ಷಗಳ ಎಂ.ಎಸ್ಸಿ.ಯಲ್ಲಿ ಮನೋರೋಗ ಶುಶ್ರೂಷೆಯನ್ನು ಆರಿಸಿಕೊಳ್ಳಬಹುದು. 3 ವರ್ಷಗಳ ಜಿ.ಎನ್.ಎಂ. ಮುಗಿಸಿದವರಿಗೂ ಈ ವಿಷಯದಲ್ಲಿ ಒಂದು ವರ್ಷದ ಡಿಪ್ಲೊಮಾ ಇದೆ. ಇವನ್ನು ಕಲಿಸುವ ನಿಮ್ಹಾನ್ಸ್ ಇರುವುದು ಪಕ್ಕದ ಬೆಂಗಳೂರಿನಲ್ಲೇ. ಕಾಲೇಜಿಗೆ ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕಟ್ಟಬಾರದು. ಅಮೆರಿಕದಲ್ಲಿ ಉನ್ನತ ಶಿಕ್ಷಣ ಪಡೆದ ಮನೋರೋಗ ನರ್ಸ್‌ಗಳು ರೋಗ ನಿರ್ಣಯಿಸಿ ಔಷಧವನ್ನೂ ಬರೆಯುತ್ತಾರೆ. ನಮ್ಮಲ್ಲಿ ಮನೋರೋಗ ನರ್ಸ್‌ಗಳಿಗೆ ಅಂತಹ ಅಧಿಕಾರವಿಲ್ಲ. ಇಲ್ಲಿನ ಪದವಿ ಹಿಡಿದು ನೇರವಾಗಿ ಅಲ್ಲಿ ಆ ಹುದ್ದೆಗೇರಬಹುದೆಂದು ಆಸೆ ಹುಟ್ಟಿಸುವ ಏಜೆಂಟರನ್ನು ನಂಬಬೇಡಿ. ಅಲ್ಲಿನ ಪರೀಕ್ಷೆ, ಅಲ್ಲಿನ ಓದು ಎರಡೂ ಬೇಕಾಗುತ್ತವೆ.

ರಾತ್ರಿ ಪಾಳಿ, ಹಾಸ್ಟೆಲ್, ಸುರಕ್ಷತೆಯ ಕುರಿತು ಹೆತ್ತವರಿಗೆ ಆತಂಕವಿರುವುದು ಸಹಜ. ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ಸಂಬಳ ಕಡಿಮೆಯೆಂಬುದೂ ನಿಜ. ಇವನ್ನು ವಿಚಾರಿಸಿ ತಿಳಿದುಕೊಳ್ಳಬೇಕೇ ಹೊರತು ಬಾಗಿಲು ಮುಚ್ಚುವುದು ಪರಿಹಾರವಲ್ಲ. ಈ ದಾರಿ ಹೆಣ್ಣುಮಕ್ಕಳಿಗಷ್ಟೇ ಮೀಸಲೂ ಅಲ್ಲ. ನಮ್ಮ ಹುಡುಗರೂ ಮುಂದೆ ಬರಲಿ.

ರೋಗಕ್ಕೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರು ಪ್ರವಾದಿ(ಸ). ಅವರ ಕಾಲದಲ್ಲೇ ಹಝ್ರತ್ ರುಫೈದಾ(ರ) ಮದೀನಾದ ಮಸೀದಿಯಲ್ಲಿ ಡೇರೆ ಹಾಕಿ ಗಾಯಾಳುಗಳ ಶುಶ್ರೂಷೆ ಮಾಡಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಈ ಪರಂಪರೆಯ ವಾರಸುದಾರರು ಮನೋರೋಗಿಯನ್ನು ಕಂಡು ಮುಖ ತಿರುಗಿಸುವುದು ವಿಪರ್ಯಾಸವಲ್ಲವೇ?

ಜಮಾಅತ್‌ಗಳು ಮದುವೆಯ ಆಡಂಬರಕ್ಕೆ ಕಡಿವಾಣ ಹಾಕಿ, ವರ್ಷಕ್ಕೆ ಒಬ್ಬ ವಿದ್ಯಾರ್ಥಿಯ ನರ್ಸಿಂಗ್ ಶುಲ್ಕವನ್ನಾದರೂ ಹೊತ್ತುಕೊಳ್ಳಲಿ. ಖತೀಬರು ಒಂದು ಶುಕ್ರವಾರವಾದರೂ ಮಿಂಬರ್‌ನಿಂದ ಮನೋರೋಗದ ಬಗ್ಗೆ ಮಾತನಾಡಲಿ. ಮಗಳಿಗೆ ಸಂಬಂಧ ಬಂದೀತೇ ಎಂದು ಕೇಳುವ ಮುನ್ನ, ನಾಳೆ ನಮ್ಮದೇ ಮನೆಯಲ್ಲಿ ಒಬ್ಬರ ಮನಸ್ಸು ಕುಸಿದರೆ ಯಾರ ಕೈ ಹಿಡಿಯಬೇಕೆಂದು ನಾವೆಲ್ಲರೂ ಯೋಚಿಸೋಣ.