ಕಾಳಿನಲ್ಲಿ ಬಚ್ಚಿಟ್ಟ ರಂಜಕ

ಬ್ರಾಯ್ಲರ್ ಕೋಳಿಮರಿ ಆರು ವಾರಗಳಲ್ಲಿ ಎರಡು ಕಿಲೋ ದಾಟುತ್ತದೆ. ಆ ಭಾರ ಹೊರಲು ಕಾಲಿನ ಮೂಳೆ ಗಟ್ಟಿಯಾಗಿರಬೇಕು. ಅದಕ್ಕೆ ಕ್ಯಾಲ್ಸಿಯಂ ಜೊತೆಗೆ ರಂಜಕವೂ ಬೇಕು. ಮರಿ ತಿನ್ನುವ ಮೆಕ್ಕೆಜೋಳ, ಸೋಯಾ ಹಿಂಡಿಗಳಲ್ಲಿ ರಂಜಕ ಸಾಕಷ್ಟಿದೆ. ಆದರೂ ಬರೀ ಅವನ್ನೇ ತಿಂದ ಮರಿಯ ಕಾಲು ಸೊಟ್ಟಗಾಗುತ್ತದೆ. ಇದೇಕೆ ಹೀಗೆ?

ಕಾಳಿನ ರಂಜಕದ ಸುಮಾರು ಮೂರನೆಯ ಎರಡು ಭಾಗ ಫೈಟೇಟ್ ರೂಪದಲ್ಲಿರುತ್ತದೆ. ಆರು ಇಂಗಾಲದ ಪರಮಾಣುಗಳ ಉಂಗುರಕ್ಕೆ ಆರು ಫಾಸ್ಫೇಟ್ ಗುಂಪುಗಳು ಅಂಟಿಕೊಂಡ ಅಣು ಇದು. ಮೊಳೆಯುವ ಸಸಿಗೆಂದು ಗಿಡ ಕಟ್ಟಿಟ್ಟ ಬುತ್ತಿ ಎನ್ನಬಹುದು. ಇದನ್ನು ಬಿಚ್ಚಲು ಫೈಟೇಸ್ ಎಂಬ ಕಿಣ್ವ ಬೇಕು. ಹಸು, ಕುರಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಕೋಳಿಯ ಕರುಳಿನಲ್ಲಿ ಅದು ತೀರ ಕಡಿಮೆ. ಮಗುವಿನ ಸರಿಗೆಂದು ಅಜ್ಜಿ ರಾಗಿಯನ್ನು ನೆನೆಸಿ ಮೊಳಕೆ ಬರಿಸುತ್ತಾರಲ್ಲ, ಆಗ ಕಾಳಿನೊಳಗೇ ಇರುವ ಫೈಟೇಸ್ ಎಚ್ಚೆತ್ತು ಇದೇ ಕೆಲಸ ಮಾಡುತ್ತದೆ!

ಮರಿಯ ಕೊರತೆ ತುಂಬಲು ಆಹಾರಕ್ಕೆ ಡೈಕ್ಯಾಲ್ಸಿಯಂ ಫಾಸ್ಫೇಟ್ (ಡಿಸಿಪಿ) ಬೆರೆಸುತ್ತಾರೆ. ಅದಕ್ಕೆ ಖರ್ಚು ಹೆಚ್ಚು. ಜೀರ್ಣವಾಗದ ರಂಜಕವೆಲ್ಲ ಹಿಕ್ಕೆಯಲ್ಲಿ ಹೊರಬಿದ್ದು, ಗೊಬ್ಬರದ ಮೂಲಕ ಹೊಲ ಸೇರಿ, ಮಳೆಯಲ್ಲಿ ಕೊಚ್ಚಿ ಕೆರೆಗೆ ಇಳಿಯುತ್ತದೆ. ಅಲ್ಲಿ ಪಾಚಿ ಹಬ್ಬುತ್ತದೆ; ಅದು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ನೆಲ ಸಣ್ಣದು, ಹಂದಿ ಕೋಳಿಗಳ ಸಾಕಣೆ ದೊಡ್ಡದು ಎಂಬಂತಿದ್ದ ನೆದರ್ಲೆಂಡ್ಸ್‌ಗೆ ಈ ಬಿಸಿ ಜೋರಾಗಿಯೇ ತಟ್ಟಿತು. ಶಿಲೀಂಧ್ರದಿಂದ ತಯಾರಿಸಿದ ಫೈಟೇಸ್ 1991ರಲ್ಲಿ ಅಲ್ಲಿ ಮಾರುಕಟ್ಟೆಗೆ ಬಂತು. ಕಿಣ್ವವೇನೂ ಹೊಸದಲ್ಲ, ಜಪಾನಿನ ವಿಜ್ಞಾನಿಗಳು 1907ರಲ್ಲೇ ಅಕ್ಕಿ ತೌಡಿನಲ್ಲಿ ಅದನ್ನು ಗುರುತಿಸಿದ್ದರು.

ಇದೇನು ಕೋಳಿಯನ್ನು ಉಬ್ಬಿಸುವ ಹಾರ್ಮೋನೇ ಎಂದು ತಂದೆತಾಯಂದಿರು ಕೇಳಬಹುದು. ಅಲ್ಲ. ಇದೊಂದು ಪ್ರೋಟೀನು, ಕರುಳಿನಲ್ಲಿ ಕೆಲಸ ಮುಗಿಸಿ ಬೇರೆ ಪ್ರೋಟೀನುಗಳಂತೆ ತಾನೂ ಜೀರ್ಣವಾಗುತ್ತದೆ.

ಪ್ರೋಟೀನಾದ್ದರಿಂದಲೇ ಒಂದು ಪೇಚೂ ಇದೆ. ಕೋಳಿ ಆಹಾರವನ್ನು ಗುಳಿಗೆ ಮಾಡುವಾಗ ಹಬೆ ಹಾಯಿಸುತ್ತಾರೆ. 80 ಡಿಗ್ರಿ ಸೆಲ್ಸಿಯಸ್ ದಾಟಿದ ಆ ಶಾಖಕ್ಕೆ, ಬೇಯಿಸಿದ ಮೊಟ್ಟೆಯ ಬಿಳಿಭಾಗದಂತೆ, ಸಾಮಾನ್ಯ ಕಿಣ್ವ ಕೆಟ್ಟುಹೋಗುತ್ತದೆ. ಆದ್ದರಿಂದ ಕಿಣ್ವಕ್ಕೆ ರಕ್ಷಣೆಯ ಲೇಪ ಕೊಡುತ್ತಾರೆ, ಇಲ್ಲವೇ ಗುಳಿಗೆ ಆರಿದ ಮೇಲೆ ಸಿಂಪಡಿಸುತ್ತಾರೆ.

ಪ್ರತಿ ಗ್ರಾಮಿಗೆ 5000 ಯೂನಿಟ್ ಬಲವಿರುವ ಪುಡಿಯಾದರೆ ಒಂದು ಟನ್ ಆಹಾರಕ್ಕೆ ನೂರು ಗ್ರಾಂ ಹಾಕುವುದು ರೂಢಿ. ಇಷ್ಟನ್ನು ಬೆರೆಸಿ ಡಿಸಿಪಿಯನ್ನೂ ಹಳೆಯ ಲೆಕ್ಕದಲ್ಲೇ ಸುರಿದರೆ ರೈತನಿಗೆ ಎರಡೂ ಕಡೆ ನಷ್ಟ, ಕೆರೆಗೂ ಲಾಭವಿಲ್ಲ. ಕಿಣ್ವ ಬಿಡಿಸಿಕೊಡುವಷ್ಟು ರಂಜಕವನ್ನು ಡಿಸಿಪಿಯ ಲೆಕ್ಕದಿಂದ ಕಳೆಯಲೇಬೇಕು.