ರೇಸಿನವರೇ ಬಿಟ್ಟ ಮೇಲೆ ನಮಗ್ಯಾಕೆ ಹೈಬ್ರಿಡ್?

ಭಾನುವಾರ ಬೆಳಿಗ್ಗೆ ಅಪ್ಪನ ಫೋನು. ಊರಲ್ಲಿ ಮಳೆ ಎಷ್ಟಾಯ್ತು, ಕಾಫಿ ಹೂವು ಹೇಗಿದೆ ಅನ್ನೋ ವರದಿಯೆಲ್ಲ ಮುಗಿದ ಮೇಲೆ ನಿಜವಾದ ವಿಷಯ ಬಂತು. 'ಅಲ್ಲ ಮಾರಾಯ, ನೀನು ಹೈಬ್ರಿಡ್ ಕಾರೇ ತಗೊಳ್ಳಿ ಅಂತ ಹೇಳ್ತಾ ಇದ್ದೀಯ. ರ್‍ಯಾಲಿ ಕಾರಿಂದ ಅದನ್ನ ಬಿಚ್ಚಿ ಎಸೆದ್ರಂತಲ್ಲ? ರೇಸಿನವರಿಗೇ ಬೇಡವಾಗಿದ್ದು ನಮಗ್ಯಾಕೆ?'

ಅಪ್ಪನಿಗೆ ಇದನ್ನು ಹೇಳಿದ್ದು ಪಕ್ಕದ ತೋಟದ ಹುಡುಗ. ಹೇಳಿದ್ದು ಸುಳ್ಳೂ ಅಲ್ಲ. ನಮ್ಮ ಹಳೇ ಜೀಪಿನ ಬದಲಿಗೆ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತಗೊಳ್ಳೋಣ ಅಂತ ಎರಡು ತಿಂಗಳಿಂದ ತಲೆ ತಿಂದಿದ್ದವನು ನಾನು. ಅಪ್ಪನ ಉಳಿತಾಯದ ದೊಡ್ಡ ಪಾಲು ಅದಕ್ಕೆ ಹೋಗುತ್ತೆ. ಉತ್ತರ ಸರಿಯಾಗಿ ಹೇಳಲೇಬೇಕಿತ್ತು.

ಮೊದಲು ಒಂದು ತಪ್ಪೊಪ್ಪಿಗೆ. 2022ರ ಜನವರಿಯಲ್ಲಿ ಇದೇ ಅಂಕಣದಲ್ಲಿ 'ರ್‍ಯಾಲಿಯ ಭವಿಷ್ಯ ಬಂತು' ಅಂತ ಕುಣಿದಾಡಿ ಬರೆದಿದ್ದೆ. ಮೂರು ಸೀಸನ್ ಆಗೋದ್ರೊಳಗೆ ಆ ಭವಿಷ್ಯವನ್ನು ಮಡಚಿ ಇಟ್ಟರು. ಅಂಕಣಕಾರನ ಬಾಳು ಇಷ್ಟೇ.

ಆದರೆ ಆವತ್ತು ಕುಣಿಯೋದಕ್ಕೆ ಕಾರಣ ಇತ್ತು ಮಾರಾಯ್ರೆ. ವಿಶ್ವ ರ್‍ಯಾಲಿ ಚಾಂಪಿಯನ್‌ಷಿಪ್‌ನ ಮೇಲಿನ ದರ್ಜೆಗೆ ರ್‍ಯಾಲಿ1 ಅನ್ನೋ ಹೊಸ ಕಾರುಗಳು ಬಂದಿದ್ದವು: ಟೊಯೊಟಾ ಜಿಆರ್ ಯಾರಿಸ್, ಹ್ಯುಂಡೈ ಐ20 ಎನ್, ಫೋರ್ಡ್ ಪೂಮಾ. 1.6 ಲೀಟರ್ ಟರ್ಬೊ ಎಂಜಿನ್ ಜೊತೆಗೆ 100 ಕಿಲೋವಾಟ್‌ನ ವಿದ್ಯುತ್ ಮೋಟರ್. ಎರಡೂ ಒಟ್ಟಿಗೆ ಎಳೆದರೆ 500 ಹಾರ್ಸ್‌ಪವರ್ ದಾಟುತ್ತಿತ್ತು. ಪೆಟ್ರೋಲಿನ ಜಾಗಕ್ಕೂ ಪಳೆಯುಳಿಕೆ ಮೂಲದ್ದಲ್ಲದ ಇಂಧನ ಬಂತು. ಮೊದಲ ಸ್ಪರ್ಧೆ ಮಾಂಟೆ ಕಾರ್ಲೊ. ಕೊನೆಯಿಂದ ಎರಡನೇ ಸ್ಟೇಜಿನಲ್ಲಿ ಮುಂದಿದ್ದ ಸೆಬಾಸ್ಟಿಯನ್ ಒಜಿಯೆ ಕಾರಿನ ಟೈರು ಪಂಕ್ಚರ್. 47 ವರ್ಷದ ಸೆಬಾಸ್ಟಿಯನ್ ಲೋಬ್ 10.5 ಸೆಕೆಂಡಿನಲ್ಲಿ ಗೆದ್ದರು. ಅಷ್ಟು ವಯಸ್ಸಿನಲ್ಲಿ ಯಾರೂ ವಿಶ್ವ ರ್‍ಯಾಲಿ ಗೆದ್ದಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತು ಪೇಸ್ ನೋಟ್ಸ್ ಓದಿದವರು ಇಸಬೆಲ್ ಗಾಲ್ಮಿಶ್, ಶಾಲೆಯಲ್ಲಿ ಗಣಿತ ಹೇಳಿಕೊಡುವ ಟೀಚರ್! ವಿಶ್ವ ರ್‍ಯಾಲಿಯಲ್ಲಿ ಮಹಿಳಾ ಕೋ-ಡ್ರೈವರ್ ಗೆದ್ದಿದ್ದು 1997ರ ನಂತರ ಅದೇ ಮೊದಲು. ಇಂಥಾ ಕಥೆ ನೋಡಿದವನು ಹೈಬ್ರಿಡ್ ಬಗ್ಗೆ ಕೆಟ್ಟದ್ದು ಬರೀತಾನಾ?

ಈಗ ಅಪ್ಪನಿಗೆ ಬಿಡಿಸಿ ಹೇಳಿದ ಲೆಕ್ಕ. ರ್‍ಯಾಲಿ ಕಾರಿನ ಬ್ಯಾಟರಿ 3.9 ಕಿಲೋವಾಟ್ ಅವರ್‌ನದು. 100 ಕಿಲೋವಾಟ್ ಮೋಟರ್ ಪೂರ್ತಿ ದಮ್ಮಿನಲ್ಲಿ ಓಡಿದರೆ ಅದು ಖಾಲಿಯಾಗೋದಕ್ಕೆ ಎರಡೂಕಾಲು ನಿಮಿಷ ಸಾಕು. ಸ್ಟೇಜು ಹತ್ತು ಹದಿನೈದು ನಿಮಿಷದ್ದಿರುತ್ತೆ. ಹಾಗಾಗಿ ಕರೆಂಟು ಕಂತಿನ ಮೇಲೆ ಬರೋದು. ಸ್ಟಾರ್ಟ್‌ನಲ್ಲಿ ಒಂದು ಬೂಸ್ಟ್. ಆಮೇಲೆ ತಿರುವಿನಲ್ಲಿ ಬ್ರೇಕ್ ಒತ್ತಿ, ನಿಗದಿಯಾದಷ್ಟು ಶಕ್ತಿ ಬ್ಯಾಟರಿಗೆ ವಾಪಸ್ ಹೋದ ಮೇಲೆ, ಆಕ್ಸಿಲರೇಟರ್ ತುಳಿದಾಗ ಇನ್ನೊಂದು ಬೂಸ್ಟ್. ಮೇಲೆ ಸರ್ವಿಸ್ ಪಾರ್ಕಿನಲ್ಲಿ ಕೇಬಲ್ ಹಾಕಿ ಚಾರ್ಜ್ ಮಾಡ್ತಿದ್ದರು. ಪಟ್ಟಣಗಳ ಕೆಲವು ದಾರಿಯಲ್ಲಿ ಎಂಜಿನ್ ಆಫ್ ಮಾಡಿ ಬರೀ ಕರೆಂಟಲ್ಲೇ ಹೋಗಬೇಕು ಅನ್ನೋ ನಿಯಮವೂ ಇತ್ತು. ರಾಕ್ಷಸ ಸದ್ದಿನ ಕಾರು ಪೇಟೆ ಬೀದಿಯಲ್ಲಿ ಸುಯ್ ಅಂತ ಹೋಗೋದನ್ನು ಫೋನಿನಲ್ಲಿ ನೋಡಿ ನಾನು ಬಾಯಿ ಬಿಟ್ಟಿದ್ದೆ.

ಬೆಲೆ ತೆತ್ತಿದ್ದು ತೂಕದಲ್ಲಿ. ಹಳೇ ಕಾರಿನ ಕನಿಷ್ಠ ತೂಕ 1190 ಕೆಜಿ ಇದ್ದದ್ದು 1260ಕ್ಕೆ ಏರಿತು. ಮಣ್ಣಿನ ರಸ್ತೆಯಲ್ಲಿ ಅಡ್ಡಡ್ಡ ಜಾರಿಸಿ ಓಡಿಸೋ ಕಾರಿಗೆ 70 ಕೆಜಿ ಅಂದ್ರೆ ಹಿಂದೆ ಇನ್ನೊಬ್ಬ ಮನುಷ್ಯ ಕೂತಂಗೆ. ಇನ್ನೊಂದು ಕಡೆ ಖರ್ಚು ಉಳಿಸಬೇಕು ಅಂತ ಸೆಂಟರ್ ಡಿಫರೆನ್ಷಿಯಲ್ ತೆಗೆದರು, ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ತೆಗೆದು ಮತ್ತೆ ಗೇರ್ ಲಿವರ್ ಕೊಟ್ಟರು. ಒಂದು ಕೈಯಲ್ಲಿ ಉಳಿಸಿ ಇನ್ನೊಂದು ಕೈಯಲ್ಲಿ ಹೈಬ್ರಿಡ್‌ಗೆ ಸುರಿದ ಹಾಗೆ.

ನನಗೆ ಆಗಲೇ ಕಾಣಬೇಕಿದ್ದ ಐಬು ಒಂದಿತ್ತು. ಮೂರೂ ತಂಡಕ್ಕೂ ಹೈಬ್ರಿಡ್ ಪೆಟ್ಟಿಗೆ ಒಂದೇ. ಜರ್ಮನಿಯ ಕಾಂಪ್ಯಾಕ್ಟ್ ಡೈನಾಮಿಕ್ಸ್ ಮಾಡಿಕೊಟ್ಟಿದ್ದು, ಸೀಲ್ ಹಾಕಿದ್ದು, ತಂಡದವರು ಬಿಚ್ಚೋ ಹಾಗಿಲ್ಲ. ಒಬ್ಬರಿಗೊಬ್ಬರು ದುಡ್ಡು ಸುರಿದು ಪೈಪೋಟಿಗೆ ಬೀಳಬಾರದು ಅನ್ನೋ ಒಳ್ಳೇ ಉದ್ದೇಶ ಸರಿ. ಆದರೆ ಟೊಯೊಟಾ ಹೈಬ್ರಿಡ್ ಕಾರು ಮಾರೋಕೆ ಶುರು ಮಾಡಿದ್ದು 1997ರಲ್ಲಿ. ಅಂಥಾ ಕಂಪನಿಗೂ ತನ್ನ ವಿದ್ಯೆ ರ್‍ಯಾಲಿಯಲ್ಲಿ ತೋರಿಸೋಕೆ ದಾರಿಯಿಲ್ಲ, ರ್‍ಯಾಲಿಯಲ್ಲಿ ಕಲಿತದ್ದನ್ನ ಷೋರೂಮಿಗೆ ತರೋಕೂ ದಾರಿಯಿಲ್ಲ. ಹೋಟೆಲಿಂದ ಸಾರು ತರಿಸಿ ಅಡುಗೆ ಸ್ಪರ್ಧೆ ಮಾಡಿದ ಹಾಗಾಯ್ತು.

ಇಷ್ಟು ಹೇಳುವಾಗ ಅಪ್ಪ ಹೂಂಗುಟ್ಟಿಕೊಂಡೇ ಇದ್ದರು. ದೀಪದ ವಿಷಯ ಬಂದಾಗ ಮಾತ್ರ ತಡೆದರು.

ಹೈಬ್ರಿಡ್ ರ್‍ಯಾಲಿ ಕಾರಿನ ಹೊರಗಡೆ ಒಂದು ದೀಪ ಇರ್ತಿತ್ತು. ಹಸಿರು ಇದ್ದರೆ ಕಾರು ಮುಟ್ಟಬಹುದು. ಕೆಂಪಾದರೆ ಒಳಗಿನ ನೂರಾರು ವೋಲ್ಟ್ ಎಲ್ಲಿ ಹರೀತಿದೆಯೋ ಗೊತ್ತಿಲ್ಲ ಅಂತ ಅರ್ಥ, ಯಾರೂ ಹತ್ತಿರ ಹೋಗಬಾರದು. 2022ರ ಸ್ವೀಡನ್ ರ್‍ಯಾಲಿಯಲ್ಲಿ ಒಟ್ ತಾನಕ್ ಹೈಬ್ರಿಡ್ ವ್ಯವಸ್ಥೆ ಸುರಕ್ಷಿತವಲ್ಲ ಅನ್ನೋ ಕಾರಣಕ್ಕೇ ಶುಕ್ರವಾರ ಕಾರು ನಿಲ್ಲಿಸಬೇಕಾಯ್ತು.

'ಕೆಂಪಾದ್ರೆ ಮುಟ್ಟಂಗಿಲ್ವಾ?' ಅಂದರು ಅಪ್ಪ. 'ಹಂಗಾದ್ರೆ ಚರಂಡಿಗೆ ಬಿದ್ರೆ ಎತ್ತೋರು ಯಾರು?'

ಅವರು ಕೇಳಿದ್ದು ಯಾಕೆ ಅಂತ ನನಗೆ ಗೊತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಚಿಕ್ಕಮಗಳೂರಿನ ತೋಟದ ರಸ್ತೆಯಲ್ಲಿ ರ್‍ಯಾಲಿ ಇತ್ತು. ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಕರಕೊಂಡು ಹೋಗಿದ್ದರು. ಮೂರನೆಯದೋ ನಾಲ್ಕನೆಯದೋ ಕಾರು ತಿರುವಿನಲ್ಲಿ ಜಾರಿ, ಸಿಲ್ವರ್ ಮರಕ್ಕೆ ಸವರಿ, ಸೀದಾ ಚರಂಡಿಗೆ. ಡ್ರೈವರ್ ಇಳಿಯೋ ಮುಂಚೆನೇ ಅಪ್ಪ, ಮೇಸ್ತ್ರಿ, ಏಳೆಂಟು ಜನ ಆಳುಗಳು ಓಡಿಹೋಗಿ ಐಸಾ ಅಂತ ಎತ್ತಿ ರಸ್ತೆಗಿಟ್ಟರು. ನಾನೂ ಬಂಪರಿಗೆ ಕೈ ಕೊಟ್ಟಿದ್ದೆ. ಡ್ರೈವರ್ ಹೆಲ್ಮೆಟ್ ಒಳಗಿಂದಲೇ ಕೈ ಮುಗಿದು ಹೋದ. ಮುಖಕ್ಕೆ ಹಾರಿದ ಕೆಸರನ್ನು ಅಪ್ಪ ಮನೆಗೆ ಬರೋವರೆಗೂ ಒರೆಸಿಕೊಳ್ಳಲಿಲ್ಲ.

ಪ್ರಪಂಚದ ಎಲ್ಲ ಕಡೆ ರ್‍ಯಾಲಿ ಹೀಗೇನೇ. ಬಿದ್ದ ಕಾರನ್ನು ನೋಡೋಕೆ ಬಂದವರೇ ಎತ್ತಿ ಕಳಿಸೋದು. ಕ್ರಿಕೆಟ್ ಸ್ಟೇಡಿಯಂನಲ್ಲಿ ಇಂಥಾ ಭಾಗ್ಯ ಯಾರಿಗಿದೆ? ಆ ಕೆಂಪು ದೀಪ ಅದಕ್ಕೇ ಅಡ್ಡ ನಿಂತಿತ್ತು. ಸುರಕ್ಷತೆಗೆ ಬೇಕಾದ್ದು ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನೋಡುಗರನ್ನು ಕಾರಿನಿಂದ ದೂರ ಇಡೋ ದೀಪ ರ್‍ಯಾಲಿಗೆ ಒಗ್ಗೋದು ಕಷ್ಟ.

ಮುಂದಿನದು ಬೇಗ ಹೇಳಿಬಿಡ್ತೀನಿ. 2024ರ ಶುರುವಿನಲ್ಲಿ ಎಫ್‌ಐಎ ಹೈಬ್ರಿಡ್ ತೆಗೀತೀವಿ ಅಂತು, ತಂಡಗಳು ಬೇಡ ಅಂದವು, ಮಧ್ಯದಲ್ಲಿ ಇರಲಿ ಅಂತಾಯ್ತು, ನವೆಂಬರ್‌ನಲ್ಲಿ ಕೊನೆಗೂ ತೆಗೆದೇಬಿಟ್ಟರು. 2025ಕ್ಕೆ ಕನಿಷ್ಠ ತೂಕ 1180 ಕೆಜಿ, ಗಾಳಿ ಒಳಗೆಳೆಯುವ ರಿಸ್ಟ್ರಿಕ್ಟರ್ 36 ಮಿಲಿಮೀಟರಿಂದ 35ಕ್ಕೆ. ಪಳೆಯುಳಿಕೆಯಿಲ್ಲದ ಇಂಧನ ಮಾತ್ರ ಉಳಿಯಿತು. 2027ರ ಹೊಸ ನಿಯಮದಲ್ಲಿ ಒಂದು ಕಾರಿಗೆ 3,45,000 ಯೂರೋ ಅಂತ ಬೆಲೆಗೇ ಮಿತಿ ಹಾಕಿದ್ದಾರೆ.

'ಹಂಗಾದ್ರೆ ನಾನು ಹೇಳಿದ್ದೇ ಸರಿ' ಅಂದರು ಅಪ್ಪ.

ಅರ್ಧ ಸರಿ ಅಂದೆ. ರ್‍ಯಾಲಿಯವನು ಸ್ಟೇಜಿನಲ್ಲಿ ಎಂಜಿನ್ ಆಫ್ ಮಾಡಲ್ಲ, ಸಿಗ್ನಲ್ಲಿನಲ್ಲಿ ನಿಲ್ಲಲ್ಲ, ಮೈಲೇಜ್ ಕೇಳಲ್ಲ. ಮನೆ ಕಾರಿನ ಹೈಬ್ರಿಡ್ ದುಡ್ಡು ಉಳಿಸೋದೇ ಅಂಥಾ ಕಡೆ. ನಿಂತು ನಿಂತು ಹೋಗೋ ಟ್ರಾಫಿಕ್ಕಿನಲ್ಲಿ ಎಂಜಿನ್ ಮಲಗಿರುತ್ತೆ, ಬ್ರೇಕ್ ಒತ್ತಿದಾಗೆಲ್ಲ ಬಿಸಿಯಾಗಿ ಪೋಲಾಗೋ ಶಕ್ತಿಯಲ್ಲಿ ಒಂದಷ್ಟು ಬ್ಯಾಟರಿಗೆ ಸೇರುತ್ತೆ. ಕೇಬಲ್ಲೂ ಬೇಡ. ಹೆಸರು ಒಂದೇ, ಕೆಲಸ ಬೇರೆ.

'ಸರಿ. ಆದ್ರೆ ನಾನೆಲ್ಲಿ ಬೆಂಗಳೂರು ಟ್ರಾಫಿಕ್ಕಲ್ಲಿ ಓಡಿಸ್ತೀನಿ?'

ಇದಕ್ಕೆ ನಾನು ತಯಾರಾಗಿರಲಿಲ್ಲ. ಅಪ್ಪ ಓಡಿಸೋದು ತೋಟದ ದಾರಿ, ವಾರಕ್ಕೊಮ್ಮೆ ಪೇಟೆ, ಆಗಾಗ ಚಾರ್ಮಾಡಿ ಇಳಿದು ಅಕ್ಕನ ಮನೆ. ನಾನು ಎರಡು ತಿಂಗಳಿಂದ ಹೇಳುತ್ತಿದ್ದದ್ದು ನನಗೆ ಬೇಕಾದ ಕಾರು. ಘಾಟಿ ಇಳಿಯುವಾಗ ಬ್ಯಾಟರಿ ತುಂಬುತ್ತೆ ನಿಜ, ಆದರೆ ಅದು ಚಿಕ್ಕ ಬ್ಯಾಟರಿ, ಪೂರ್ತಿ ತುಂಬಿದ ಮೇಲೆ ಉಳಿದ ಇಳಿಜಾರಿನಿಂದ ಲಾಭವಿಲ್ಲ. ಇದನ್ನೂ ಹೇಳಿದೆ, ಮುಚ್ಚಿಡಲಿಲ್ಲ.

ಸ್ವಲ್ಪ ಹೊತ್ತು ಸುಮ್ಮನಿದ್ದು, 'ಟೆಸ್ಟ್ ಡ್ರೈವಿಗೆ ಘಾಟಿಗೆ ತಗೊಂಡು ಹೋಗೋಕೆ ಬಿಡ್ತಾರಾ ಕೇಳು' ಅಂದರು. ಷೋರೂಮಿನವರನ್ನು ಕೇಳಿದ್ದೀನಿ. ಶನಿವಾರ ಹೇಳ್ತೀವಿ ಅಂದಿದ್ದಾರೆ.