ಮಗನ ಹಾಸಿಗೆಯ ಪಕ್ಕದಲ್ಲಿ ಕೂರುವವರಾರು?

ಪ್ರತಿ ವರ್ಷ ಜೂನ್ 26ರಂದು ಮಾದಕ ವಸ್ತುಗಳ ವಿರುದ್ಧ ಜಾಥಾ ಹೊರಡುತ್ತದೆ. ಶಾಲೆಯ ಮಕ್ಕಳು ಫಲಕ ಹಿಡಿದು ನಡೆಯುತ್ತಾರೆ, ಅಧಿಕಾರಿಗಳು ಪ್ರತಿಜ್ಞೆ ಬೋಧಿಸುತ್ತಾರೆ, ಮಾರನೆಯ ದಿನ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಆ ಜಾಥಾದ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಫಲಕದ ಮೇಲಿನ ಮಾತೆಲ್ಲ ಇನ್ನೂ ಚಟಕ್ಕೆ ಬೀಳದ ಹುಡುಗನಿಗೆ ಹೇಳುವ ಮಾತು. ಈಗಾಗಲೇ ಬಿದ್ದವನಿಗೆ, ಬಿದ್ದು ಏಳಬೇಕೆಂದು ಹೊರಟವನಿಗೆ, ಅವನನ್ನು ಹಿಡಿದೆತ್ತಬೇಕಾದ ತಾಯಿತಂದೆಗಳಿಗೆ ಆ ಫಲಕದಲ್ಲಿ ಒಂದಕ್ಷರವೂ ಇರುವುದಿಲ್ಲ. ಈ ವಾರ ಆ ಮನೆಯ ಮಾತನ್ನು ಆಡಬೇಕೆಂದಿದ್ದೇವೆ.

ಹದಿನಾರು ವರ್ಷದ ಹುಡುಗ ಎಂದಿಟ್ಟುಕೊಳ್ಳಿ. ತಂದೆ ಗಿರಣಿಯಲ್ಲಿ ಪಾಳಿ ಕೆಲಸಗಾರ, ತಾಯಿ ಮಂಡಕ್ಕಿ ಭಟ್ಟಿಗೆ ಹೋಗುತ್ತಾಳೆ. ಹುಡುಗ ಮೊದಲು ಪಂಚರ್ ಹಾಕುವ ಸೊಲ್ಯೂಷನ್ನನ್ನು ಬಟ್ಟೆಗೆ ಹಚ್ಚಿ ಮೂಸಿದ, ಆಮೇಲೆ ಗಾಂಜಾ, ಆಮೇಲೆ ಯಾರೋ ಕೈಗಿತ್ತ ನೋವಿನ ಮಾತ್ರೆ. ಡಬ್ಬಿಯೊಳಗಿನ ದುಡ್ಡು ಕಾಣೆಯಾಯಿತು. ತಂದೆ ಹೊಡೆದ, ತಾಯಿ ಹರಕೆ ಹೊತ್ತಳು, ಸೋದರಮಾವ ಬಂದು ಬುದ್ಧಿ ಹೇಳಿ ಚಹ ಕುಡಿದು ಹೋದ. ಕೊನೆಗೊಂದು ರಾತ್ರಿ ಹುಡುಗನೇ “ಅವ್ವಾ, ಇನ್ನ ಬಿಟ್ಟುಬಿಡ್ತೀನಿ” ಎಂದ. ಮನೆಯವರು ಕಷ್ಟ ತೀರಿತೆಂದು ತಿಳಿದು ನಿಟ್ಟುಸಿರು ಬಿಡುತ್ತಾರೆ. ನಿಜವಾದ ಕಷ್ಟ ಶುರುವಾಗುವುದು ಆ ರಾತ್ರಿಯಿಂದಲೇ.

ಅಫೀಮಿನ ಜಾತಿಯ ಮಾತ್ರೆಗೆ ಒಗ್ಗಿದ ಮೈಯು, ಅದು ತಪ್ಪಿದ ಎಂಟು ಗಂಟೆಯಿಂದ ಒಂದು ದಿನದೊಳಗೆ ಕೇಳತೊಡಗುತ್ತದೆ. ಮೂಗು ಸೋರುತ್ತದೆ, ಆಕಳಿಕೆಯ ಮೇಲೆ ಆಕಳಿಕೆ, ಮೈಮೇಲೆ ಮುಳ್ಳೇಳುತ್ತದೆ, ಎಲುಬಿನೊಳಗೆ ಕೊರೆದಂಥ ನೋವು, ವಾಂತಿ, ಭೇದಿ, ನಿದ್ದೆಯಂತೂ ಇಲ್ಲ. ಎರಡು ಮೂರನೆಯ ದಿನ ಇದು ತುದಿಗೇರುತ್ತದೆ, ವಾರ ಹತ್ತು ದಿನದಲ್ಲಿ ಇಳಿಯುತ್ತದೆ. ಈ ನರಳಾಟದಿಂದಲೇ ಸಾಯುವುದು ಅಪರೂಪ. ಆದರೆ ವಾಂತಿಭೇದಿಯಿಂದ ಮೈಯ ನೀರು ಬತ್ತಿದರೆ ಜೀವಕ್ಕೆ ಕುತ್ತು. ಗಾಂಜಾ ಬಿಟ್ಟವನಿಗೆ ಇಷ್ಟು ಘೋರವಿಲ್ಲ. ಅವನು ಸಿಡುಕುತ್ತಾನೆ, ಊಟ ಸೇರದು, ರಾತ್ರಿಯೆಲ್ಲ ಹೊರಳಾಡುತ್ತಾನೆ. ಮೊದಲ ವಾರ ಹೆಚ್ಚು, ಸುಮಾರು ಎರಡು ವಾರದಲ್ಲಿ ತಗ್ಗುತ್ತದೆ. ಹೆಂಡದ ಮತ್ತು ನಿದ್ದೆಮಾತ್ರೆಯ ಮಾತು ಬೇರೆ. ಬಹುಕಾಲ ದಿನವೂ ತೆಗೆದುಕೊಂಡವನು ಫಕ್ಕನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಕದಡಬಹುದು, ಪ್ರಾಣವೂ ಹೋಗಬಹುದು. “ಕೋಣೆಗೆ ಹಾಕಿ ಬೀಗ ಜಡಿಯಿರಿ, ನಾಲ್ಕು ದಿನದಲ್ಲಿ ತಾನೇ ಸರಿಹೋಗುತ್ತಾನೆ” ಎಂದು ಸಲಹೆ ಕೊಡುವ ಓಣಿಯ ಹಿರಿಯರು ಇದನ್ನು ತಿಳಿದಿರಬೇಕು.

ಇನ್ನು ಕೆಲವರ ವಾದವುಂಟು: ಸಂಕಟಪಡಲಿ ಬಿಡಿ, ಆಗಲೇ ಬುದ್ಧಿ ಬರುವುದು ಎಂದು. ಹಲವು ವರ್ಷ ಕಪ್ಪುಹಲಗೆಯ ಮುಂದೆ ನಿಂತವರಿಗೆ ಈ ವಾದ ಹೊಸತಲ್ಲ. ಬೆತ್ತದ ಮೇಷ್ಟರುಗಳೆಲ್ಲರೂ ಇದನ್ನೇ ಹೇಳುತ್ತಿದ್ದರು. ಬೆತ್ತದಿಂದ ಮಗ್ಗಿ ಬಂದವರಿಗಿಂತ ಶಾಲೆ ಬಿಟ್ಟು ಓಡಿದವರೇ ಹೆಚ್ಚು. ಸಂಕಟ ತಾಳಲಾರದ ಹುಡುಗನು ಮೂರನೆಯ ರಾತ್ರಿ ಗೋಡೆ ಹಾರಿ ಮತ್ತೆ ಅದೇ ಮಾತ್ರೆಗೆ ಹೋಗುತ್ತಾನೆ, ಅಷ್ಟೆ. ಈ ನೋವನ್ನು ತಗ್ಗಿಸಲು ವೈದ್ಯರ ಬಳಿ ಔಷಧವುಂಟು. ಅದನ್ನು ಕೊಡಿಸುವುದು ಚಟಕ್ಕೆ ಇಂಬು ಕೊಟ್ಟಂತೆ ಎನ್ನುವುದು ಮುರಿದ ಕಾಲಿಗೆ ಪಟ್ಟಿ ಕಟ್ಟಿದರೆ ಮತ್ತೆ ಬೀಳುತ್ತಾನೆ ಎಂದಂತೆ. ತಾಯತ ಕಟ್ಟಿಸುವವರೊಡನೆ ನಮಗೆ ಜಗಳವಿಲ್ಲ. ತಾಯತದ ಜತೆಗೆ ಆಸ್ಪತ್ರೆಯ ಚೀಟಿಯನ್ನೂ ಮಾಡಿಸಿ ಎಂದಷ್ಟೇ ನಮ್ಮ ಪ್ರಾರ್ಥನೆ. ಅನ್ನದಲ್ಲಿ ಗುಟ್ಟಾಗಿ ಬೆರೆಸಿ ಚಟ ಬಿಡಿಸುವ ಪುಡಿಯ ಜಾಹೀರಾತುಗಳನ್ನು ಮಾತ್ರ ನಂಬಬೇಡಿ.

ವೈದ್ಯರು ಔಷಧ ಬರೆದುಕೊಟ್ಟರು. ಆಮೇಲೆ? ಆ ಹುಡುಗನ ಬಳಿ ಹಗಲೂ ರಾತ್ರಿ ಒಬ್ಬರು ಇರಬೇಕು. ಗಂಟೆಗೊಮ್ಮೆ ಗುಟುಕು ಗುಟುಕಾಗಿ ಓಆರ್‌ಎಸ್ ನೀರು, ಗಂಜಿ, ಮಜ್ಜಿಗೆ ಕುಡಿಸಬೇಕು. ಮಾತ್ರೆಯ ಚೀಟಿ ಅವನ ಕೈಗೆ ಸಿಗದಂತೆ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಒಂದೊಂದೇ ಕೊಡಬೇಕು. ನಡುರಾತ್ರಿ ಎರಡು ಗಂಟೆಗೆ ಅವನು ಬೈದರೆ ಬೈಸಿಕೊಳ್ಳಬೇಕು, ಅತ್ತರೆ ಬೆನ್ನು ಸವರಬೇಕು. ಹಳೆಯ ಕಳ್ಳತನದ ಲೆಕ್ಕ ತೆಗೆಯುವ ಹೊತ್ತು ಇದಲ್ಲ. “ಸಾಯುತ್ತೇನೆ” ಎಂದರೆ ನಾಟಕವೆಂದು ತಳ್ಳಿಹಾಕದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಇದೆಲ್ಲ ದೊಡ್ಡ ವಿದ್ಯೆಯೇನಲ್ಲ. ನಮ್ಮ ತಾಯಂದಿರು ಬಾಣಂತನದಲ್ಲಿ, ವಿಷಮಶೀತ ಜ್ವರದಲ್ಲಿ ಮಾಡುತ್ತ ಬಂದ ಆರೈಕೆಯೇ. ಅದಕ್ಕೆ ಬೇಕಾದದ್ದು ದಿನಗಳು, ಒಂದು ವಾರ, ಹತ್ತು ದಿನ.

ಗಿರಣಿಯ ಕೆಲಸಗಾರನಿಗೆ ಆ ಹತ್ತು ದಿನವನ್ನು ಕೊಡುವವರಾರು?

ಲೆಕ್ಕ ನೋಡೋಣ. ಇಎಸ್‌ಐ ಯೋಜನೆಗೆ ಕೆಲಸಗಾರನ ಸಂಬಳದಿಂದ ಪ್ರತಿ ತಿಂಗಳು ಶೇಕಡಾ 0.75 ಮುರಿದುಕೊಳ್ಳುತ್ತಾರೆ, ಮಾಲೀಕರು 3.25 ಸೇರಿಸುತ್ತಾರೆ, 2019ರ ಜುಲೈಯಿಂದ ಬಂದ ದರವಿದು. ಕೆಲಸಗಾರನೇ ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನಗಳ ತನಕ ಸಂಬಳದ ಶೇಕಡಾ 70ರಷ್ಟು ಸಿಗುತ್ತದೆ. ಮಗನಿಗೆ ಕಾಯಿಲೆಯಾದರೆ ಮಗನಿಗೆ ಚಿಕಿತ್ಸೆಯುಂಟು, ಒಪ್ಪೋಣ. ಮಗನ ಪಕ್ಕದಲ್ಲಿ ಕುಳಿತ ತಂದೆಗೆ ಒಂದು ಕಾಸೂ ಇಲ್ಲ. ಇಪ್ಪತ್ತು ದಿನ ದುಡಿದರೆ ಒಂದು ದಿನದಂತೆ ಕೂಡುವ ಸಂಬಳದ ರಜೆಯನ್ನು ತೆಗೆದುಕೊಳ್ಳಲಿ ಎನ್ನುವವರುಂಟು. ಅದು ಖಾಯಂ ಕೆಲಸಗಾರನ ಮಾತು. ಅವನಿಗೂ ಅದು ವರ್ಷದ ಹಬ್ಬ, ಮದುವೆ, ಸಾವುಗಳೆಲ್ಲಕ್ಕೂ ಸೇರಿದ ಗಂಟು. ಗುತ್ತಿಗೆಯವನಾದರೆ ಹತ್ತು ದಿನದ ಗೈರುಹಾಜರಿಗೆ ಮೇಸ್ತ್ರಿಯು ಬೇರೊಬ್ಬನನ್ನು ಹಚ್ಚಿಕೊಂಡಿರುತ್ತಾನೆ. ಇನ್ನು ಭಟ್ಟಿಗೆ ಹೋಗುವ ತಾಯಿಗೆ ಇಎಸ್‌ಐ ಎಂಬ ಹೆಸರೇ ಮುಟ್ಟಿರುವುದಿಲ್ಲ. ಇತ್ತ ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಮಕ್ಕಳ ಪಾಲನೆಗೆಂದೇ ಇಡೀ ಸೇವೆಯಲ್ಲಿ 730 ದಿನಗಳ ರಜೆಯುಂಟು. ಮಗುವಿಗೆ ಹದಿನೆಂಟು ತುಂಬುವವರೆಗೆ ಅದನ್ನು ಬಳಸಬಹುದು. ಅವರಿಗೇಕೆ ಕೊಟ್ಟಿರಿ ಎಂದು ನಾವು ಕೇಳುತ್ತಿಲ್ಲ. ಕೊಟ್ಟದ್ದು ನ್ಯಾಯ. ಕಚೇರಿಯ ತಾಯಿಗೆ ಇರುವ ಕರುಳು ಭಟ್ಟಿಯ ತಾಯಿಗೂ ಇದೆಯೆಂಬುದನ್ನು ಸರ್ಕಾರ ಯಾವಾಗ ಕಂಡುಕೊಳ್ಳುತ್ತದೆ ಎಂದು ಕೇಳುತ್ತಿದ್ದೇವೆ.

ಬಡತನದಿಂದಲೇ ಚಟ, ಸಮಾಜ ಬದಲಾದರೆ ಚಟವೂ ಹೋಗುತ್ತದೆ ಎಂದು ನಮ್ಮವರೇ ಕೆಲವರು ಹೇಳಿ ಕೈತೊಳೆದುಕೊಳ್ಳುವುದುಂಟು. ಇದನ್ನು ನಾವು ಒಪ್ಪುವುದಿಲ್ಲ. ಬಂಗಲೆಯ ಮಕ್ಕಳೂ ಬೀಳುತ್ತಾರೆ. ಭೇದವಿರುವುದು ಏಳುವುದರಲ್ಲಿ. ಸಾಹುಕಾರರ ಮಗ “ಪರವೂರಿನಲ್ಲಿ ಓದುತ್ತಿದ್ದಾನೆ” ಎಂಬ ಮಾತಿನ ಮರೆಯಲ್ಲಿ ಮೂರು ತಿಂಗಳು ಚಿಕಿತ್ಸೆ ಪಡೆದು ಬರುತ್ತಾನೆ. ಕೂಲಿಯವನ ಮಗನನ್ನು ಮೂರನೆಯ ದಿನವೇ ಒಬ್ಬನನ್ನೇ ಬಿಟ್ಟು ಪಾಳಿಗೆ ಹೋಗಬೇಕಾಗುತ್ತದೆ.

ಈ ಅಸಹಾಯಕತೆಯ ಮೇಲೆಯೇ ವ್ಯಾಪಾರ ನಡೆಸುವ ಕೆಲವು ಶಿಬಿರಗಳು ಹುಟ್ಟಿಕೊಂಡಿವೆ. ಹುಡುಗನನ್ನು ನಮಗೊಪ್ಪಿಸಿ, ನೀವು ನಿಮ್ಮ ಕೆಲಸಕ್ಕೆ ಹೋಗಿ ಎನ್ನುತ್ತವೆ. ಬಡವನಿಗೆ ಇದಕ್ಕಿಂತ ಬೇಕಾದದ್ದೇನು? ಸಾಲ ಮಾಡಿ ಹಣ ಕಟ್ಟುತ್ತಾನೆ. ಒಳಗೆ ಹೊಡೆತವೋ ಸರಪಳಿಯೋ ಅವನಿಗೆ ತಿಳಿಯದು. ಎಲ್ಲ ಶಿಬಿರಗಳೂ ಹೀಗೆಂದು ಹೇಳಲಾರೆವು; ಆದರೆ ಕಾನೂನೇನು ಹೇಳುತ್ತದೆಂದು ಪ್ರತಿಯೊಬ್ಬ ತಂದೆಯೂ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಪ್ತಿಗೆ ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮನೋವ್ಯಥೆಗಳೂ ಬರುತ್ತವೆ. ಅದರ ಪ್ರಕಾರ ರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ. ಹದಿನೆಂಟು ತುಂಬದವನನ್ನು ದಾಖಲು ಮಾಡಿಕೊಳ್ಳಲು ಮನೋವೈದ್ಯರೊಬ್ಬರೂ ಜತೆಗೆ ಮತ್ತೊಬ್ಬ ವೈದ್ಯರೋ ತಜ್ಞರೋ ಬೇರೆ ಬೇರೆಯಾಗಿ ನೋಡಿರಬೇಕು. ಅವನನ್ನು ದೊಡ್ಡವರಿಂದ ಪ್ರತ್ಯೇಕವಾಗಿಡಬೇಕು. ಮತ್ತು, ಇದನ್ನು ಗಮನಿಸಿ, ಅವನು ಒಳಗಿರುವಷ್ಟು ದಿನವೂ ಪಾಲಕರೋ ಅವರ ಪರವಾಗಿ ನೇಮಿಸಿದವರೋ ಜತೆಯಲ್ಲೇ ಇರಬೇಕು. “ಬಿಟ್ಟುಹೋಗಿ” ಎನ್ನುವ ಶಿಬಿರವು ಕಾನೂನನ್ನು ಮುರಿಯುತ್ತಿದೆ. ಆದರೆ ಜತೆಗಿರಲೇಬೇಕೆಂದು ಕಾನೂನು ಮಾಡಿದ ಸರ್ಕಾರವು, ಜತೆಗಿದ್ದವನ ಒಲೆ ಹೇಗೆ ಉರಿಯಬೇಕೆಂದು ಯೋಚಿಸಲೇ ಇಲ್ಲ!

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರೂ ಇದ್ದಾರೆ. 1985ರ ಮಾದಕ ವಸ್ತು ಕಾಯ್ದೆಯಲ್ಲಿ 64-ಎ ಎಂಬ ಕಲಮುಂಟು. ಸೇವನೆಯ ಅಥವಾ ಅಲ್ಪ ಪ್ರಮಾಣದ ಆಪಾದನೆಯುಳ್ಳ ವ್ಯಸನಿಯು ತಾನಾಗಿ ಬಂದು, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಧೈರ್ಯವಾಗಿ ಹೋಗಿ. ಮೇಲಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ಹೋಗುವ ಮೊದಲು ಕೇಳಬೇಕೆಂದರೆ ವ್ಯಸನದ ಸಹಾಯವಾಣಿ 14446, ಮನಸ್ಸಿನ ಕಾಯಿಲೆಗೆ ಟೆಲಿ ಮನಸ್ 14416, ಎರಡಕ್ಕೂ ಕಾಸಿಲ್ಲ. ಈ ನಂಬರುಗಳನ್ನು ಕತ್ತರಿಸಿ ಅಂಗಡಿಯ ಗಲ್ಲಾದ ಮೇಲೆ ಅಂಟಿಸಿಕೊಂಡರೆ ಈ ಪುಟದ ಬೆಲೆ ಬಂದಂತೆ.

ಹತ್ತು ದಿನ ಕಳೆದು ಹುಡುಗ ಎದ್ದು ಕೂತ ಮೇಲೆ ಗಂಡಾಂತರ ಮುಗಿಯಿತೆಂದುಕೊಳ್ಳಬೇಡಿ. ಬಿಟ್ಟ ಮೇಲೆ ಮೈಗೆ ಮೊದಲಿನ ತಾಳಿಕೆ ಇರುವುದಿಲ್ಲ. ತಿಂಗಳ ನಂತರ ಗೆಳೆಯರ ಮಾತಿಗೆ ಸೋತು ಹಿಂದಿನಷ್ಟೇ ಮಾತ್ರೆ ನುಂಗಿದವನ ಉಸಿರು ನಿಲ್ಲಬಹುದು. ಹುಡುಗನಿಗೂ ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕು. ಎಬ್ಬಿಸಿದರೂ ಏಳದೆ, ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿದ್ದರೆ ಪಕ್ಕಕ್ಕೆ ಹೊರಳಿಸಿ 108ಕ್ಕೆ ಕರೆ ಮಾಡಿ, ಬೈಗುಳ ಆಮೇಲೆ. ಒಮ್ಮೆ ಬಿಟ್ಟವನು ಮತ್ತೆ ಜಾರುವುದು ಸಾಮಾನ್ಯ. ಜಾರಿದನೆಂದು ಮನೆಯಿಂದ ಹೊರಹಾಕಿದರೆ, ಅವನನ್ನು ಒಳಗೆ ಕರೆದುಕೊಳ್ಳಲು ಬೇರೊಂದು ಮನೆ ಕಾದೇ ಇರುತ್ತದೆ.

ಶಾಲೆಯ ಮಾತು. ಹುಡುಗ ಸಿಕ್ಕಿಬಿದ್ದನೆಂದರೆ ಹೆಡ್‌ಮಾಸ್ತರರು ಮೊದಲು ಮಾಡುವ ಕೆಲಸ ಟಿ.ಸಿ. ಬರೆಯುವುದು. 2009ರ ಶಿಕ್ಷಣ ಹಕ್ಕಿನ ಕಾಯ್ದೆ ಎಂಟನೆಯ ತರಗತಿಯ ತನಕ ಮಗುವನ್ನು ಹೊರಹಾಕಬಾರದೆನ್ನುತ್ತದೆ. ಒಂಬತ್ತು ಹತ್ತರ ಹುಡುಗನಿಗೆ ಆ ಕೊಡೆಯೂ ಇಲ್ಲ. ಬೆಳಗ್ಗೆ ಎದ್ದು ಹೋಗಲು ಒಂದು ಜಾಗವಿಲ್ಲದವನು ಹಳೆಯ ಜಾಗಕ್ಕೇ ಹೋಗುತ್ತಾನೆ. ಶಾಲೆಯ ಹೆಸರು ಕೆಡುತ್ತದೆಂಬ ಭಯ ನಮಗೂ ಗೊತ್ತು. ಹಾಜರಿ ಪುಸ್ತಕದಿಂದ ಒಂದು ಹೆಸರು ಹೊಡೆದುಹಾಕಿದರೆ ಆ ಹುಡುಗ ಊರಿನಿಂದ ಮಾಯವಾಗುವುದಿಲ್ಲ.

ವ್ಯಾಪಾರಿ ಮಿತ್ರರಿಗೆ ಎರಡು ಮಾತು ಹೇಳದೆ ವಿಧಿಯಿಲ್ಲ. ಕೇಂದ್ರ ಸರ್ಕಾರವು ದೆಹಲಿಯ ಎಐಐಎಂಎಸ್ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿರುವ ಚಟ ಒಂದೇ, ಮೂಸುವ ಚಟ: ದೊಡ್ಡವರಲ್ಲಿ ಶೇಕಡಾ 0.58, ಹತ್ತರಿಂದ ಹದಿನೇಳು ವರ್ಷದವರಲ್ಲಿ 1.17. ಸೊಲ್ಯೂಷನ್, ಥಿನ್ನರ್, ವೈಟ್ನರ್ ಇವು ಕಳ್ಳಸಾಗಣೆಯಿಂದ ಬರುವುದಿಲ್ಲ, ನಮ್ಮ ನಿಮ್ಮ ಕಪಾಟಿನಿಂದ ಬರುತ್ತವೆ. ಬಾಟಲಿಯ ವೈಟ್ನರ್ ಮತ್ತು ಅದರ ಥಿನ್ನರ್ ಮಾರಾಟವನ್ನು 2012ರಲ್ಲೇ ನಿಷೇಧಿಸಲಾಯಿತು. ಪಂಚರ್ ಸೊಲ್ಯೂಷನ್ನಿಗೆ ಅಂಥ ತಡೆಯಿಲ್ಲ. ಅಲ್ಲಿ ತಡೆ ನಿಮ್ಮ ಕಣ್ಣೇ. ಸೈಕಲ್ಲಿಲ್ಲದ ಹುಡುಗ ವಾರಕ್ಕೆ ನಾಲ್ಕು ಟ್ಯೂಬು ಕೇಳಿದರೆ ಯಾತಕ್ಕೆಂದು ನಿಮಗೆ ಗೊತ್ತು. ಐದು ಹತ್ತು ರೂಪಾಯಿಯ ಲಾಭಕ್ಕೆ ಇದನ್ನು ಕಾಣದಂತೆ ಇರಬೇಡಿ. ಮೂಸುತ್ತಿರುವವನನ್ನು ಕಂಡಾಗ ಅಟ್ಟಿಸಿಕೊಂಡು ಓಡಲೂಬೇಡಿ. ಆ ಹೊತ್ತಿನಲ್ಲಿ ಗಾಬರಿಯಾಗಿ ಓಡಿದರೆ ಹೃದಯ ಅಲ್ಲೇ ನಿಲ್ಲುವುದುಂಟು. ಮೆಲ್ಲಗೆ ಮಾತಾಡಿಸಿ, ಗಾಳಿ ಬರುವ ಕಡೆ ಕೂರಿಸಿ. ಔಷಧಿ ಅಂಗಡಿಯವರಿಗೆ ಹೇಳುವುದು ಇನ್ನೂ ಸಣ್ಣದು: ಚೀಟಿ ಇಲ್ಲದೆ ಕೊಡಬೇಡಿ. ಮಗುವಿಗೆ ಮಾದಕ ವಸ್ತು ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಲ್ಲಿ ಏಳು ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷದ ತನಕ ದಂಡವುಂಟು.

ನಮ್ಮ ಬೇಡಿಕೆ ದೊಡ್ಡದಲ್ಲ. ಹದಿನೆಂಟು ತುಂಬದ ಮಗುವಿನ ಚಿಕಿತ್ಸೆಯ ಹೊತ್ತಿನಲ್ಲಿ, ಸರ್ಕಾರಿ ವೈದ್ಯರ ಚೀಟಿಯ ಮೇಲೆ, ತಾಯಿಗೋ ತಂದೆಗೋ ವರ್ಷಕ್ಕೆ ಹತ್ತು ದಿನಗಳ ಸಂಬಳದ ರಜೆ. ಇಎಸ್‌ಐ ಇದ್ದವರಿಗೆ ಅದರ ನಿಧಿಯಿಂದ ಕೊಡಲಿ. ಇಲ್ಲದ ಭಟ್ಟಿ, ಹಮಾಲಿ, ಅಂಗಡಿ ಕೆಲಸದವರಿಗೆ ರಾಜ್ಯ ಸರ್ಕಾರ ಕೂಲಿ ತುಂಬಿಕೊಡಲಿ. ಚೀಟಿಯಲ್ಲಿ ಕಾಯಿಲೆಯ ಹೆಸರು ಬರೆಯಬೇಕಾಗಿಲ್ಲ. ಮಗನ ಮಾನ ಗೇಟಿನ ವಾಚ್‌ಮನ್ನನ ಬಾಯಿಗೆ ಬೀಳುವುದು ಬೇಡ. ಜಿಲ್ಲಾ ಆಸ್ಪತ್ರೆಯಲ್ಲಿ ಈ ವಯಸ್ಸಿನವರಿಗೆ ದೊಡ್ಡವರಿಂದ ಬೇರೆಯಾದ ಹಾಸಿಗೆಗಳಿರಲಿ, ಪಕ್ಕದಲ್ಲಿ ತಾಯಿ ಮಲಗಲು ಒಂದು ಚಾಪೆಯಷ್ಟು ಜಾಗವಿರಲಿ.

“ಚಟಗಾರರ ಮನೆಗೆ ರಜೆಯೇ?” ಎಂದು ಮಾಲೀಕರು ನಗಬಹುದು. ಅವರವರ ಮನೆಯ ಮಕ್ಕಳು ಯಾವ ಯಾವ ಆಸ್ಪತ್ರೆಯಲ್ಲಿದ್ದು ಬಂದರೆಂದು ನಾವು ತಿರುಗಿ ಕೇಳುವುದಿಲ್ಲ. ಯೂನಿಯನ್ನಿನ ಕಾರ್ಯದರ್ಶಿಗಳು ಮುಂದಿನ ಕೂಲಿ ಒಪ್ಪಂದದ ಪಟ್ಟಿಯಲ್ಲಿ ಬೋನಸ್ಸಿನ ಕಲಮಿನ ಕೆಳಗೇ ಇದನ್ನು ಸೇರಿಸಿಕೊಳ್ಳಲಿ. ಮನವಿಯ ಕರಡು ನಮ್ಮ ಕಚೇರಿಯಲ್ಲಿದೆ. ಪಾಳಿ ಮುಗಿಸಿಕೊಂಡು ಬಂದು ಓದಿ, ತಪ್ಪಿದ್ದರೆ ತಿದ್ದಿ, ಸಹಿ ಹಾಕಿ ಹೋಗಿ.